ಇನ್ನೊಂದೇ ಸಲ
ನಮ್ಮ ಮಿಂದೋ ಕಾಡಿಗೆ ಹಕ್ಕಿ ನೋಡಲು ಬರುವವರಲ್ಲಿ ನನ್ನ ಮೈ ಉರಿಸುವವನೆಂದರೆ ಕ್ವಿಟೊ ಪಟ್ಟಣದ ದೋನ್ ಎವರಿಸ್ತೊ. ಹೆಗಲ ಮೇಲೆ ಫಿರಂಗಿಯಂಥ ಕ್ಯಾಮೆರಾ, ಹಿಂದೆ ಹದಿನೈದರ ಮಗಳು ಡೊಮೆನಿಕಾ. ಮಳೆ ಬಂದರೆ ಕ್ಯಾಮೆರಾಕ್ಕೆ ಹೊದಿಕೆಯುಂಟು, ಮಗಳಿಗಿಲ್ಲ. ಅವಳು ಬಾಳೆಕಾಯಿ ಉಂಡೆ ಕಚ್ಚಿದರೆ "ಶ್!", ಸೀನಿದರೆ "ಶ್!", ಹತ್ತಿರ ನಿಂತು ಉಸಿರಾಡಿದರೂ "ಲೆನ್ಸಿಗೆ ಹಬೆ ಕೂರುತ್ತೆ ಕಣೇ!" ಇಪ್ಪತ್ತು ವರ್ಷದಿಂದ ಗೈಡಾಗಿರುವ ನಾನು ಹಕ್ಕಿಯನ್ನು ಕರೆಯಲು ಅದರ ಕೂಗಿನ ರೆಕಾರ್ಡನ್ನು ಎರಡು ಸಲಕ್ಕಿಂತ ಹೆಚ್ಚು ಹಾಕುವುದಿಲ್ಲ; ಹಾಕಿದರೆ ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿತೆಂದು ಆ ಬಡಪಾಯಿ ಹಕ್ಕಿ ಮರಿಗಳನ್ನು ಬಿಟ್ಟು ಕಾದಾಡಲು ಓಡಿಬರುತ್ತದೆ. ಈ ಮಹಾನುಭಾವ ತನ್ನ ಫೋನಿನಲ್ಲಿ ಹಾಕುತ್ತಲೇ ಇರುತ್ತಾನೆ. "ಸಾಕು ದೋನ್ ಎವರಿಸ್ತೊ, ಗೂಡಲ್ಲಿ ಮರಿಗಳಿವೆ" ಎಂದರೆ "ಇನ್ನೊಂದೇ ಸಲ, ಸೆಗುಂದೋ. ಫೋಟೋದಲ್ಲಿ ಕಣ್ಣು ಸರಿಯಾಗಿ ಬಂದಿಲ್ಲ." "ನಿನ್ನೆಯಿಂದ ನನ್ನ ಮುಖಾನೇ ನೋಡಿಲ್ಲ ಪಪ್ಪಾ ನೀನು" ಎಂದು ಮಗಳು ರೇಗಿದರೆ ಅದಕ್ಕೂ "ಶ್!" ಕಳೆದ ಭಾನುವಾರ ಹದಿನೇಳನೆಯ "ಇನ್ನೊಂದೇ ಸಲ"ಕ್ಕೆ ಅವನ ಬೆರಳು ಜಾರಿತು. ಹಕ್ಕಿಗಳ ಕೂಗಿನ ಪಟ್ಟಿಯ ನಡುವೆ ಅವನು ಜೋಪಾನವಾಗಿಟ್ಟಿದ್ದ ಮಗುವಿನ ದನಿಯೊಂದು ಕಾಡಿಗೆಲ್ಲ ಕೇಳಿಸಿತು: "ಪಪ್ಪಾ, ಬಾ ಬಾ, ಇಲ್ಲೊಂದು ಗುಬ್ಬಿ!" ಪರದೆಯ ಮೇಲೆ "ಡೊಮೆನಿಕಾ, ನಾಲ್ಕು ವರ್ಷ" ಎಂದಿತ್ತು. ಅವನು ಕೆಂಡ ಮುಟ್ಟಿದವನಂತೆ ತಟ್ಟನೆ ನಿಲ್ಲಿಸಿದ. ಮಗಳು ಅವನೆದುರು ಬಂದು ನಿಂತಳು. "ಯಾಕೆ ನಿಲ್ಲಿಸ್ದೆ? ಹಾಕು. ಇನ್ನೊಂದೇ ಸಲ." ಬೆಳಗಿನಿಂದ ಹಕ್ಕಿಯನ್ನು ಹದಿನಾರು ಸಲ ಕೂಗಿಸಿದ್ದ ಆ ಬೆರಳಿಗೆ ಅದೊಂದನ್ನು ಒತ್ತುವ ಧೈರ್ಯ ಬರಲಿಲ್ಲ.