ಮಾವನ ರಿವಾಲ್ವರಿಗೆ ದರ ಕೇಳಿದ್ದು

ನವೆಂಬರ್ ಹದಿನೆಂಟು, ಮಂಗಳವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕೂತೆ. ಪಡಸಾಲೆಯಲ್ಲಿ ಅವ್ವ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಳೆ. ನಿಮ್ಮ ಮನೆಯಲ್ಲೂ ಅಂಥದೊಂದು ಯಂತ್ರವಿದ್ದರೆ ಆ ವಾಸನೆ ನಿಮಗೆ ಗೊತ್ತೇ ಇರುತ್ತದೆ. ನಿಮಗೆ ಅದರಿಂದ ಹಬ್ಬದ ಹೊಸ ಲಂಗ ನೆನಪಾಗಬಹುದು. ನನಗೆ ಮಾತ್ರ ಎರಡು ವರ್ಷದಿಂದ ಅದು ದಾವಣಗೆರೆಯ ಒಂದು ಬಂದೂಕಿನ ಅಂಗಡಿಯ ವಾಸನೆ. ಅಲ್ಲಿಯೂ ಇದೇ ಎಣ್ಣೆ, ಇದೇ ಹಳೆ ಬಟ್ಟೆಯ ಚೂರು.

ಬಂದೂಕಿನ ಅಂಗಡಿಗೆ ಇವಳೇಕೆ ಹೋದಳು ಎನ್ನುತ್ತೀರಿ. ನನ್ನ ಸೋದರಮಾವನ ಜೊತೆ ಹೋಗಿದ್ದೆ.

ಮಾವ ಚನ್ನಗಿರಿಯಲ್ಲಿ ಅಡಿಕೆಯ ಚೇಣಿ ಮಾಡುತ್ತಿದ್ದರು. ಎಂದರೆ, ಅಡಿಕೆ ಗೊನೆ ಇನ್ನೂ ಮರದ ಮೇಲಿರುವಾಗಲೇ ತೋಟದಲ್ಲಿ ತಲೆಯೆತ್ತಿ ಅಡ್ಡಾಡಿ, ಫಸಲು ಇಷ್ಟಾದೀತು ಎಂದು ಕಣ್ಣಿನಲ್ಲೇ ಅಳೆದು, ಹಣ ಕೊಟ್ಟು ಮಾತು ಮುಗಿಸುವ ವ್ಯಾಪಾರ. ಅವರ ಅಂದಾಜು ತಪ್ಪುವುದು ಅಪರೂಪ. ಅಂಥ ಮಾವ ಒಂದು ದಿನ ಹಾಡುಹಗಲು ಹನ್ನೊಂದು ಗಂಟೆಗೆ ನ್ಯಾಮತಿ ಕಡೆಯ ತೋಟವೊಂದಕ್ಕೆ ಹಣ ಒಯ್ಯುತ್ತಿದ್ದಾಗ ಇಬ್ಬರು ಬೈಕಿನಲ್ಲಿ ಬಂದು ಅಡ್ಡ ಹಾಕಿದರು. ಚೀಲ ಹೋಯಿತು. ಮೊಣಕೈ ತರಚಿದ್ದು ಬಿಟ್ಟರೆ ಮೈಗೆ ಏನೂ ಆಗಲಿಲ್ಲ. ಆದರೆ ಆಮೇಲೆ ಮಾವ ತಮ್ಮ ಬೈಕು ಹತ್ತಲಿಲ್ಲ. ತೋಟದವರು ಫೋನು ಮಾಡಿದರೆ ‘ನಾಳೆ ಬರ್ತೀನಿ’ ಎನ್ನುವರು. ನಾಳೆಯೂ ಅದೇ ಮಾತು. ನಾನು ದಿನಚರಿಯಲ್ಲಿ ಎಣಿಸಿದ್ದೇನೆ: ಎಂಟು ತಿಂಗಳಲ್ಲಿ ಮೂವತ್ತೊಂದು ತೋಟದವರು ಕರೆದರು. ಮಾವ ಒಂದಕ್ಕೂ ಹೋಗಲಿಲ್ಲ. ಕೊನೆಕೊನೆಗೆ ಫೋನು ಬರುವುದೂ ನಿಂತಿತು.

ರಿವಾಲ್ವರ್ ಒಂದಿದ್ದರೆ ಮತ್ತೆ ದಾರಿ ಹಿಡಿಯಬಹುದು ಎಂಬುದು ಮಾವನ ನಂಬಿಕೆ. ಅರ್ಜಿ ಹಾಕಿ, ಕಚೇರಿ ಅಲೆದು, ಕೊನೆಗೂ ಪರವಾನಗಿ ಪಡೆದರು. ಅದಕ್ಕೊಂದು ಗಡುವಿತ್ತು, ಅಷ್ಟರೊಳಗೆ ಕೊಳ್ಳದಿದ್ದರೆ ಮತ್ತೆ ಮೊದಲಿನಿಂದ ಅಲೆದಾಟ. ಹತ್ತೊಂಬತ್ತು ದಿನ ಉಳಿದಿದ್ದಾಗ ನನ್ನನ್ನು ಕರೆಸಿದರು.

“ಬಾರವ್ವಾ ಶಾನುಭೋಗ್ರೇ. ಅಡಿಕೆ ರೇಟು ನಂಗೆ ಗೊತ್ತು, ಇದ್ರದ್ದು ಗೊತ್ತಿಲ್ಲ. ನಾಕು ಕಡೆ ಕೇಳ್ಕಂಡು ಬಾ. ಮೋಸ ಹೋಗಬಾರದು.”

ಬಸ್ಸು ಎಷ್ಟು ನಿಮಿಷ ತಡ ಎನ್ನುವುದನ್ನೂ ಬರೆದಿಡುವ ನನ್ನನ್ನು ಮನೆಯಲ್ಲಿ ಎಲ್ಲರೂ ಶಾನುಭೋಗ ಎಂದೇ ಹಂಗಿಸುವುದು. ಅವತ್ತು ಮೊದಲ ಬಾರಿಗೆ ಆ ಹೆಸರು ಹೆಮ್ಮೆ ಎನಿಸಿತು. ಅತ್ತೆ ಮಾತ್ರ ಒಲೆಯ ಕಡೆ ಮುಖ ಮಾಡಿಕೊಂಡೇ, “ಕೇಳ್ಕಂಡು ಬಾ, ತರಾಕೆ ಅವಸರ ಏನಿಲ್ಲ” ಎಂದರು.

ಪರವಾನಗಿ ಇದ್ದವರ ಮನೆಗಳನ್ನು ವಿಚಾರಿಸಿಕೊಂಡು ಹೊರಟೆ. ಮೊದಲು ಹೊನ್ನಾಳಿಯ ಒಬ್ಬ ಬಟ್ಟೆ ವ್ಯಾಪಾರಿ. ಹೆಣ್ಣುಮಗಳು ರಿವಾಲ್ವರಿನ ದರ ಕೇಳುವುದನ್ನು ಕಂಡು ಅವರು ಗಜಕಡ್ಡಿ ಕೆಳಗಿಟ್ಟರು.

“ಯಾರನ್ನ ಹೊಡೀಬೇಕವ್ವಾ?”

“ಯಾರನ್ನೂ ಇಲ್ಲ ರೀ. ಮಾವ ಕೊಳ್ತಾರೆ.”

“ತೊಂಬತ್ತು ಸಾವಿರ ಆತು. ಆದ್ರೆ ಒಂದು ಮಾತು ಕೇಳು. ಪಂಚಾಯ್ತಿ ಎಲೆಕ್ಷನ್ ಬಂತು, ಠಾಣೆಗೆ ಕೊಡ್ರಿ ಅಂತಾರೆ. ಅಸೆಂಬ್ಲಿ ಬಂತು, ಕೊಡ್ರಿ. ಪಾರ್ಲಿಮೆಂಟು ಬಂತು, ಕೊಡ್ರಿ. ನನ್ನ ರಿವಾಲ್ವರಿಗೆ ನನಗಿಂತ ಪೊಲೀಸ್ನೋರ ಹತ್ರಾನೇ ಜಾಸ್ತಿ ಸಲಿಗೆ.”

ನ್ಯಾಮತಿಯ ನಿವೃತ್ತ ಯೋಧರೊಬ್ಬರು ಎಪ್ಪತ್ತೆಂಟು ಎಂದರು. ಅದು ತೆರಿಗೆ ಬಿಟ್ಟು ಹೇಳಿದ ಲೆಕ್ಕ ಎಂದು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಜಗಳೂರಿನಲ್ಲಿ ಇಳಿದು ಸೊಕ್ಕೆಯ ಒಬ್ಬ ಕುರಿ ವ್ಯಾಪಾರಿಯನ್ನು ಕಂಡೆ. ಅವರು ಮೀಸೆಯ ಮೇಲೆ ಕೈಯಾಡಿಸಿ “ಒಂದೂವರೆ ಲಕ್ಷ” ಎಂದದ್ದೇ ತಡ, ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಎಲ್ಲಿಂದ ಬಂತ್ರೀ ಒಂದೂವರೆ? ನಂಗೆ ಒಂದು ಲಕ್ಷ ಹತ್ತು ಸಾವಿರ ಅಂದಿದ್ರಿ!”

“ನಿಂಗೆ ಹೇಳೋ ರೇಟೇ ಬೇರೆ, ಸುಮ್ನಿರು.”

ನನಗೆ ಅರ್ಥವಾದದ್ದು ಇಷ್ಟು. ತಮ್ಮ ತೋಟ ಎಷ್ಟಕ್ಕೆ ಹೋಯಿತೆಂದು ಕೇಳಿದರೆ ಜನ ಕಡಿಮೆ ಹೇಳುತ್ತಾರೆ, ಬಂದೂಕು ಎಷ್ಟಕ್ಕೆ ಬಂತೆಂದು ಕೇಳಿದರೆ ಹೆಚ್ಚು ಹೇಳುತ್ತಾರೆ. ಆದ್ದರಿಂದ ಮನೆಗೆ ಬಂದು ಬೇರೆ ದಾರಿ ಹಿಡಿದೆ. ರಿವಾಲ್ವರ್ ತಯಾರಿಸುವ ಸರ್ಕಾರಿ ಕಾರ್ಖಾನೆಯ ದರಪಟ್ಟಿ ತೆಗೆಸಿ, ಅದರ ಮೇಲೆ ತೆರಿಗೆ, ಸಾಗಣೆ, ಅಂಗಡಿಯವನಿಗೊಂದು ನ್ಯಾಯವಾದ ಲಾಭ ಸೇರಿಸಿದೆ. ತೊಂಬತ್ತಾರು ಸಾವಿರ. ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದೆ. ಅಷ್ಟು ತೃಪ್ತಿ ನನಗೆ ಪರೀಕ್ಷೆಯ ಫಲಿತಾಂಶದಲ್ಲೂ ಸಿಕ್ಕಿರಲಿಲ್ಲ.

ಗಡುವಿಗೆ ಆರು ದಿನ ಇರುವಾಗ ನಾನೂ ಮಾವನೂ ದಾವಣಗೆರೆಯ ಆ ಅಂಗಡಿಗೆ ಹೋದೆವು. ಅಂಗಡಿ ಚಿಕ್ಕದು. ಗಾಜಿನ ಕಪಾಟು, ಮರದ ಮೇಜು, ಅದರ ಹಿಂದೆ ದಾರ ಕಟ್ಟಿದ ಕನ್ನಡಕದ ಒಬ್ಬ ಹಿರಿಯರು. ಪರವಾನಗಿಯ ಒಂದೊಂದು ಪುಟವನ್ನೂ ಓದಿದರು. ಆಮೇಲೆ ರಿವಾಲ್ವರ್ ತೆಗೆದು, ಖಾಲಿ ಎಂದು ತೋರಿಸಿ, ಬಟ್ಟೆಯ ಮೇಲಿಟ್ಟರು. “ಒಂದು ಲಕ್ಷ ಹನ್ನೆರಡು, ಯಜಮಾನ್ರೇ.”

ನಾನು ಪುಸ್ತಕ ತೆರೆಯುತ್ತಿದ್ದೆ. ಮಾವ ಬೇಡವೆಂದು ಸನ್ನೆ ಮಾಡಿ, ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ಹರಡಿದರು.

ಮಾವನ ಅಪ್ಪ, ಎಂದರೆ ನನ್ನ ಅಜ್ಜ, ದನದ ದಲ್ಲಾಳಿ. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ಹೇಳುತ್ತಾರೆ. ಹಿಡಿದ ಬೆರಳು ಎಷ್ಟೋ ದರ ಅಷ್ಟು. ಸುತ್ತ ನಿಂತವರಿಗೆ ಏನೂ ತಿಳಿಯದು. ಮಾವ ಚೇಣಿಯನ್ನೂ ಹೀಗೇ ಮುಗಿಸುತ್ತಿದ್ದರು. ಆದರೆ ಅದನ್ನು ಬಂದೂಕಿನ ಅಂಗಡಿಯಲ್ಲೂ ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ. ನಾಚಿಕೆಯಿಂದ ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಹಿರಿಯರು ನಕ್ಕರು. “ಇದು ಎತ್ತಲ್ಲ, ಯಜಮಾನ್ರೇ” ಎಂದರು. ಆದರೂ ಟವೆಲ್ಲಿನ ಕೆಳಗೆ ಕೈ ಕೊಟ್ಟರು.

ಟವೆಲ್ ಅಲುಗಿತು. ನಿಲ್ಲದೆ ಅಲುಗುತ್ತಲೇ ಇತ್ತು.

ಹಿರಿಯರ ನಗು ನಿಂತಿತು. ಕೈ ಬಿಡಲಿಲ್ಲ. “ಈ ನಡುಕ ಯಾವಾಗಿಂದ ಐತೆ?” ಎಂದು ಕೇಳಿದರು.

“ದಾರೀಲಿ ಅಡ್ಡ ಹಾಕಿದ್ರು. ಆವಾಗಿಂದ.” ಮಾವನ ತಲೆ ತಗ್ಗಿತ್ತು. “ಹೆದರಿಕೆ. ಇದು ಸೊಂಟದಾಗಿದ್ರೆ ಹೋಗ್ತೈತೆ.”

“ಈ ಅಂಗಡಿಗೆ ಬರೋರಲ್ಲಿ ಅರ್ಧ ಜನ ಹೆದರಿದೋರೇ. ಹೆದರಿದ ಕೈ ನಂಗೆ ಗೊತ್ತು. ಇದು ಅದಲ್ಲ. ನಮ್ಮ ಅಣ್ಣಂಗೂ ಹಿಂಗೇ ಶುರುವಾತು. ಬಲಗೈ ತಾನೇ? ಸುಮ್ನೆ ಇಟ್ಟಾಗ ಜಾಸ್ತಿ ತಾನೇ?”

ಮಾವ ಕೈ ಬಿಡಿಸಿಕೊಂಡರು.

“ಡಾಕ್ಟ್ರಿಗೆ ತೋರಿಸ್ರಿ. ನಾನು ಇವತ್ತು ಇದನ್ನ ಕೊಡಾಕಿಲ್ಲ.”

“ಲೈಸೆನ್ಸ್ ಐತೆ, ದುಡ್ಡು ಐತೆ. ಕೊಡಾಕೆ ಏನ್ರೀ ನಿಮಗೆ?”

“ಎಲ್ಲಾ ಐತೆ. ಕೊಡಾಕಿಲ್ಲ.”

ಮಾವ ಟವೆಲ್ ಎಳೆದುಕೊಂಡು ಹೊರಟುಬಿಟ್ಟರು. ಬಸ್ಸಿನಲ್ಲಿ ಸಂತೇಬೆನ್ನೂರು ದಾಟಿದರೂ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಎಂಟು ತಿಂಗಳಲ್ಲಿ ಎಷ್ಟು ಸಲ ಅವರ ಮನೆಗೆ ಹೋಗಿದ್ದೆ, ಎಷ್ಟೊಂದು ಬರೆದಿಟ್ಟಿದ್ದೆ! ಆ ಕೈ ಸದಾ ಟವೆಲ್ಲಿನೊಳಗೆ ಇರುತ್ತಿದ್ದುದು ನನ್ನ ಒಂದು ಪುಟದಲ್ಲೂ ಇರಲಿಲ್ಲ.

ಮನೆಗೆ ಬಂದು ಮಾವ ಅತ್ತೆಗೆ ಎಲ್ಲ ಹೇಳಿದರು. ಅತ್ತೆ ನೀರಿನ ಲೋಟ ಅವರ ಎಡಗೈಗೆ ಕೊಟ್ಟು, “ನಂಗೆ ಗೊತ್ತಿತ್ತು. ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ” ಎಂದರು.

ಮೂರನೆಯ ದಿನ ಡಾಕ್ಟರು ನಡೆಸಿ ನೋಡಿದರು, ಬರೆಸಿ ನೋಡಿದರು. ನರದ ಕಾಯಿಲೆ, ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಹತೋಟಿಯಲ್ಲಿಡಬಹುದು ಎಂದರು. ಪೂರ್ತಿ ಹೋಗುವುದೇ ಇಲ್ಲವೇ ಎಂದು ನಾನೂ ಅತ್ತೆಯೂ ಒಟ್ಟಿಗೇ ಕೇಳಿದೆವು. ಮಾವ ಮಾತ್ರ ಡಾಕ್ಟರನ್ನೇ ದಿಟ್ಟಿಸಿ, “ಹಂಗಾದ್ರೆ ಇದು ಹೆದರಿಕೆ ಅಲ್ಲ ಅಂತೀರಾ?” ಎಂದು ಕೇಳಿದರು. ಅಲ್ಲ ಎಂದರು ಅವರು. ಮಾವ ಮತ್ತೊಮ್ಮೆ ಕೇಳಿದರು. ವಾಸಿಯಾಗದ ಕಾಯಿಲೆ ಇದೆಯೆಂದು ಕೇಳಿ ಒಬ್ಬ ಮನುಷ್ಯನ ಮುಖ ಅಷ್ಟು ಹಗುರಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಷ್ಟು ದಿನವೂ ತಾನು ಪುಕ್ಕಲನಾಗಿಬಿಟ್ಟೆ ಎಂದು ಆ ಜೀವ ಒಳಗೊಳಗೇ ಸಾಯುತ್ತಿತ್ತು.

ಗಡುವು ಮೀರಿತು. ಪರವಾನಗಿಯನ್ನು ಮಾವ ತಾವೇ ಹೋಗಿ ಒಪ್ಪಿಸಿ ಬಂದರು. ಈಗ ನನ್ನ ಸ್ಕೂಟಿಯ ಹಿಂದೆ ಕೂತು ತೋಟಗಳಿಗೆ ಬರುತ್ತಾರೆ. ಅವರು ತಲೆಯೆತ್ತಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಈ ವರ್ಷ ಹದಿನಾಲ್ಕು ತೋಟ ನೋಡಿದೆವು. ಆ ಬೈಕಿನವರು ಅಡ್ಡ ಹಾಕಿದ ತಿರುವು ಬಂದಾಗ ಇಬ್ಬರಿಗೂ ಭಯವಾಗುತ್ತದೆ. ಭಯವಾಗುತ್ತದೆ ಎಂದು ಮಾವ ಈಗ ಬಾಯಿಬಿಟ್ಟು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಕಳೆದ ತಿಂಗಳು ಆ ಹಿರಿಯರನ್ನು ಕಾಣಲು ಹೋದೆವು. ಅಲ್ಲಿ ಮೊಬೈಲ್ ಅಂಗಡಿಯಾಗಿದೆ. ಅವರು ಮಗಳ ಊರಿಗೆ ಹೋದರಂತೆ. ಯಾವ ಊರೆಂದು ಪಕ್ಕದವರಿಗೆ ತಿಳಿಯದು. ವ್ಯಾಪಾರವಾಗದ ಕಾರಣ ನಮ್ಮ ಬಳಿ ರಸೀದಿಯೂ ಇಲ್ಲ. ಅವರ ಹೆಸರನ್ನು ನಾನು ಕೇಳಿಕೊಂಡಿರಲಿಲ್ಲ. ಅರವತ್ತೈದರ ಆಸುಪಾಸು, ಕನ್ನಡಕಕ್ಕೆ ಕಪ್ಪು ದಾರ, ಇದೇ ಕಾಯಿಲೆಯ ಅಣ್ಣನೊಬ್ಬ ಇದ್ದ: ನನಗೆ ತಿಳಿದಿರುವುದು ಇಷ್ಟೇ. ಓದಿದವರಲ್ಲಿ ಯಾರಿಗಾದರೂ ಅವರ ಗುರುತಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಮಾವ ಅವರಿಗೆ ಏನೋ ಹೇಳಬೇಕಂತೆ. ಏನೆಂದು ಕೇಳಿದರೆ ನನಗೆ ಹೇಳುವುದಿಲ್ಲ. ಈಚೆಗೆ ಆ ಕಾಯಿಲೆಯಿಂದ ಮಾವನ ದನಿಯೂ ಸಣ್ಣಗಾಗುತ್ತಿದೆ, ಹತ್ತಿರ ಕೂತರಷ್ಟೇ ಕೇಳಿಸುತ್ತದೆ. ಬರೆಯುವವರು ಸ್ವಲ್ಪ ಬೇಗ ಬರೆದರೆ ಉಪಕಾರವಾಗುತ್ತದೆ.