ಬಸ್ಸಿನಲ್ಲಿ ಮೂಕಿಯಾದ ಅಜ್ಜಿ

ಇವತ್ತು ಬೆಳಿಗ್ಗೆ ನಾಶಿಕದ ನಮ್ಮ ಗಲ್ಲಿಯಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗದಗಿನ ನನ್ನ ಅಜ್ಜಿ ನೆನಪಾದಳು.

ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಬ್ಯಾಂಕಿನಿಂದ ನಾಶಿಕದ ಹತ್ತಿರದ ಸಿನ್ನರ್‌ಗೆ ವರ್ಗವಾಗಿತ್ತು. ಅಜ್ಜಿ ನಮ್ಮನ್ನು ನೋಡಲು ಬಂದಾಗಲೇ ಬೆಳಗಾವಿಯ ಗಡಿ ಗಲಾಟೆ ಜೋರಾಯಿತು. ಕನ್ನಡದ ಬೋರ್ಡು ಕಂಡಲ್ಲಿ ಡಾಂಬರು ಬಳಿಯುತ್ತಿದ್ದರು. "ಹೊರಗ ಯಾರೂ ಕನ್ನಡ ಮಾತಾಡಬ್ಯಾಡ್ರಿ," ಎಂದು ಅಪ್ಪ ತಾಕೀತು ಮಾಡಿದ್ದರು. ಅಜ್ಜಿಗೋ ಬೇರೆ ಭಾಷೆಯೇ ಬರುತ್ತಿರಲಿಲ್ಲ.

ಒಂದು ದಿನ ಪಕ್ಕದ ಮನೆಯ ಶಾಂತಾಬಾಯಿಯ ಜೊತೆ ಅಜ್ಜಿ ಮತ್ತು ನಾನು ನಾಶಿಕದ ಕಣ್ಣಿನ ಆಸ್ಪತ್ರೆಯಿಂದ ಮರಳುತ್ತಿದ್ದೆವು. ದಾರಿಯಲ್ಲಿ ಹುಡುಗರ ಗುಂಪೊಂದು ಬಸ್ಸು ತಡೆದು, ಡಾಂಬರಿನ ಡಬ್ಬಿ ಹಿಡಿದು ಒಳಗೆ ನುಗ್ಗಿತು. ಎಲ್ಲರನ್ನೂ ಮಾತಾಡಿಸುತ್ತ ಬಂದವನೊಬ್ಬ ಅಜ್ಜಿಯ ಮುಂದೆ ನಿಂತ.

"ಆಜಿ, ಗಾವ್ ಕುಠಲಂ?" ಊರು ಯಾವುದೆಂದು ಕೇಳಿದ.

ಅಜ್ಜಿಯ ತುಟಿ ತೆರೆಯಿತು. ನಾನು ಅವಳ ಕೈ ಗಟ್ಟಿಯಾಗಿ ಹಿಚುಕಿದೆ.

"ಮಾಝಿ ಆಯಿ ಆಹೆ. ಮುಕೀ ಆಹೆ," ಎಂದಳು ಶಾಂತಾಬಾಯಿ. ನನ್ನ ತಾಯಿ, ಮೂಕಿ.

ಅವನು ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿ ಮುಂದೆ ಹೋದ.

ಮರಾಠಿ ಬಾರದಿದ್ದರೂ ಅಜ್ಜಿಗೆ ಎಲ್ಲ ತಿಳಿದಿತ್ತು. ಅಂದಿನಿಂದ ಮನೆಯೊಳಗೂ ಅವಳದು ಪಿಸುಮಾತೇ. ಕೊನೆಗೆ ಅವಳನ್ನು ಊರಿಗೆ ಕರೆದೊಯ್ದೆವು. ವಿಜಾಪುರದ ಸ್ಟೇಷನ್ನಿನಲ್ಲಿ ಚಹಾದವನು ಕನ್ನಡದಲ್ಲೇ ಕೂಗುತ್ತಿದ್ದ. ಅಜ್ಜಿ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು: "ಇಲ್ಲಿ ಮಾತಾಡಬಹುದೇನವಾ?"

ಈಗಲೂ ನಾಶಿಕದ ಬಸ್ಸಿನಲ್ಲಿ ಅವ್ವನ ಫೋನ್ ಬಂದರೆ, ಕಿಟಕಿಯ ಕಡೆ ಮುಖ ಮಾಡಿ, ದನಿ ತಗ್ಗಿಸಿಯೇ "ಹೇಳವ್ವಾ" ಅನ್ನುತ್ತೇನೆ.