ಅರ್ಧ ಮಾತ್ರೆ

ನಮ್ಮ ಬೀದಿಯಲ್ಲಿ ಬಿಟ್ಟಿ ಸಲಹೆಗೆ ಬರವಿಲ್ಲ. ಅದರಲ್ಲೂ ದಪ್ಪಗಿರುವ ಹೆಂಗಸೊಬ್ಬಳು ಮಂಡಿ ಹಿಡಿದುಕೊಂಡು ನಿಂತಿದ್ದರೆ ಮುಗಿಯಿತು, ಎಲ್ಲರೂ ಡಾಕ್ಟರುಗಳೇ. "ಸ್ವಲ್ಪ ತೂಕ ಇಳಿಸಿ, ನೋವು ತಾನಾಗೇ ಹೋಗುತ್ತೆ" ಎಂದು ಬಟ್ಟೆ ಕೊಡಲು ಬಂದವನೂ ಹೇಳುತ್ತಿದ್ದ, ಬಟ್ಟೆ ತೆಗೆದುಕೊಂಡು ಹೋಗಲು ಬಂದವಳೂ ಹೇಳುತ್ತಿದ್ದಳು. ಇಸ್ತ್ರಿ ಅಂಗಡಿಯ ದೊಡ್ಡಕ್ಕ ಎಲ್ಲರಿಗೂ "ಆಯ್ತಪ್ಪ", "ಆಯ್ತಮ್ಮ" ಎಂದು ನಗುತ್ತಿದ್ದಳು. ಎದುರಿನಲ್ಲಿ ಕೂತು ಕೇಳುತ್ತಿದ್ದ ನನಗೆ ಮೈ ಉರಿಯುತ್ತಿತ್ತು.

ನನ್ನದು ಅವರ ಎದುರಿನ ಜೆರಾಕ್ಸ್ ಅಂಗಡಿ. ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದು ನನಗೂ ಇದೆ, ಆದರೆ ಬೀದಿಗೆಲ್ಲ ನಾನು ಜೆರಾಕ್ಸಮ್ಮ. ಹಾಗೆ ಮೊದಲು ಕರೆದವಳು ದೊಡ್ಡಕ್ಕನೇ. ಅಕ್ಕತಂಗಿಯರಿಬ್ಬರು ಆ ಇಸ್ತ್ರಿ ಅಂಗಡಿ ನಡೆಸುತ್ತಾರೆ. ದೊಡ್ಡಕ್ಕನಿಗೆ ಮದುವೆಯಾಗಲಿಲ್ಲ. ಚಿಕ್ಕಕ್ಕನಿಗೆ ಆಯಿತು, ಗಂಡ ಬೇಗ ತೀರಿಕೊಂಡ, ಅವಳು ಒಂದು ಪೆಟ್ಟಿಗೆ ಹಿಡಿದುಕೊಂಡು ಅಕ್ಕನ ಹತ್ತಿರ ವಾಪಸು ಬಂದಳು. ಕೆಳಗೆ ಅಂಗಡಿ, ಹಿಂದುಗಡೆ ಕಡಿದಾದ ಮೆಟ್ಟಿಲು, ಮೇಲೆ ಮನೆ.

ಅವರ ಕೆಲಸ ಹೆಚ್ಚಾಗಿ ಲಾಡ್ಜುಗಳ ಬೆಡ್‌ಶೀಟುಗಳದು. ಗಂಟು ಗಂಟಾಗಿ ಬರುತ್ತವೆ. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮಡಿಸಬೇಕು. ಮಡಿಸಲು ಇಬ್ಬರು ಬೇಕೇ ಬೇಕು. ಆ ತುದಿಯ ಎರಡು ಮೂಲೆ ಅಕ್ಕನಿಗೆ, ಈ ತುದಿಯ ಎರಡು ಮೂಲೆ ತಂಗಿಗೆ. ಜೋರಾಗಿ ಒಮ್ಮೆ ಕೊಡವಿ, ಬಿಗಿಯಾಗಿ ಎಳೆದು, ಎದುರೆದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸುತ್ತಿದ್ದರು. ಮಂಡಿ ಕೆಟ್ಟ ಮೇಲೆ ಅಕ್ಕ ನಿಂತಲ್ಲೇ ನಿಂತಳು. ಅವಳ ಪಾಲಿನ ನಡಿಗೆಯನ್ನೂ ತಂಗಿಯೇ ನಡೆಯತೊಡಗಿದಳು.

ಆ ಮನೆಯಲ್ಲಿ ಎಲ್ಲವೂ ಅರ್ಧರ್ಧ. ಅವರಮ್ಮ ಹಾಗೆ ಬೆಳೆಸಿದ್ದರು. ಬಾಳೆಹಣ್ಣು ಅರ್ಧರ್ಧ, ಲೋಟದ ಟೀ ಅರ್ಧರ್ಧ, ಬೆಳಿಗ್ಗೆಯ ಪೇಪರನ್ನೂ ನಡುವೆ ಬಿಡಿಸಿ ಹಂಚಿಕೊಂಡು ಓದುತ್ತಿದ್ದರು. "ಸೀನು ಬಂದ್ರೂ ಅರ್ಧರ್ಧ ಸೀನ್ತೀರೇನ್ರೇ?" ಎಂದು ನಾನು ರೇಗಿಸುತ್ತಿದ್ದೆ. ಅಮ್ಮನಿಂದ ಇಬ್ಬರಿಗೂ ಬಂದ ಇನ್ನೊಂದು ಆಸ್ತಿಯೆಂದರೆ ಕೀಲುನೋವು. ದೊಡ್ಡಕ್ಕನಿಗೆ ಮಂಡಿ, ಚಿಕ್ಕಕ್ಕನಿಗೆ ಬೆರಳಿನ ಗೆಣ್ಣು. ಸಂಜೆ ಕೊನೆಯ ಗಂಟು ಕಟ್ಟಿದ ಮೇಲೆ ಚಿಕ್ಕಕ್ಕ ಇಸ್ತ್ರಿ ಮೇಜಿನ ಅಂಚಿನಲ್ಲಿ ಒಂದು ನೋವಿನ ಮಾತ್ರೆ ಇಟ್ಟು ಮುರಿಯುತ್ತಿದ್ದಳು. ಅರ್ಧ ಅವಳಿಗೆ, ಅರ್ಧ ಅಕ್ಕನಿಗೆ. ವರ್ಷಾನುಗಟ್ಟಲೆ ನಡೆದು ಬಂದ ರೂಢಿ ಅದು. ಮಾತ್ರೆ ತೆಗೆದುಕೊಳ್ಳುವುದು ಅಂತ ಅವರಿಗೆ ಅನ್ನಿಸುತ್ತಲೇ ಇರಲಿಲ್ಲ, ಕೈಕಾಲು ತೊಳೆದಂತೆ ಅದೂ ಒಂದು.

ಆಮೇಲೆ ಅರ್ಧಕ್ಕೆ ಬಗ್ಗುವ ನೋವಾಗಿ ಉಳಿಯಲಿಲ್ಲ. ದೊಡ್ಡಕ್ಕನಿಗೆ ಮೆಟ್ಟಿಲು ಹತ್ತುವುದೇ ನಿಂತುಹೋಯಿತು. ಮನೆ ತಲೆಯ ಮೇಲೇ ಇದೆ, ಹೋಗುವಂತಿಲ್ಲ. ಅಂಗಡಿಯ ಮೂಲೆಯಲ್ಲಿ, ಯಾರದೋ ಬೆಡ್‌ಶೀಟುಗಳ ಗಂಟಿನ ಪಕ್ಕ ಒಂದು ಮಡಚುವ ಮಂಚ ಹಾಕಿದರು. ತಂಗಿಯೂ ಮೇಲಿನ ಹಾಸಿಗೆ ಬಿಟ್ಟು ಕೆಳಗೆ ನೆಲದ ಮೇಲೆ ಮಲಗಿದಳು. "ನನಗೇನು ಅರಮನೆ ಬೇಕಾಗಿಲ್ಲ ಕಣೇ ಜೆರಾಕ್ಸಮ್ಮ. ನನ್ನ ಮನೆಗೆ ನಾನು ಹೋಗ್ಬೇಕು, ನನ್ನ ಕಿಟಕಿ ಪಕ್ಕ ಮಲಗ್ಬೇಕು, ಅಷ್ಟೇ" ಎಂದಳು ದೊಡ್ಡಕ್ಕ ಒಂದು ದಿನ. ಮುಖದಲ್ಲಿ ನಗುವಿರಲಿಲ್ಲ.

ಮೂಳೆ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, ಎರಡೂ ಮಂಡಿ ಸವೆದಿವೆ, ಬದಲಾಯಿಸಲೇಬೇಕು ಎಂದರು. ಆದರೆ ಈ ತೂಕಕ್ಕೆ ಆಪರೇಷನ್ ಮಾಡುವಂತಿಲ್ಲ, ಮೊದಲು ಇಳಿಸಿಕೊಂಡು ಬನ್ನಿ ಎಂದರು. ನಡೆಯಲಾಗದವಳು ತೂಕ ಇಳಿಸುವುದು ಹೇಗೆ? ಊಟ ಬಿಟ್ಟು ನೋಡಿದಳು. ತಲೆ ತಿರುಗಿತೇ ಹೊರತು ತೂಕ ಮಿಸುಕಾಡಲಿಲ್ಲ. ಕೊನೆಗೆ ಅದೇ ಆಸ್ಪತ್ರೆಯ ಹೊಟ್ಟೆ ಡಾಕ್ಟರಮ್ಮ ದಾರಿ ತೋರಿಸಿದರು: ಹೊಟ್ಟೆಯ ಮೇಲ್ಭಾಗದಲ್ಲಿ ಪುಟ್ಟ ಚೀಲದಷ್ಟನ್ನು ಮಾತ್ರ ಬೇರೆ ಮಾಡಿ, ಅದಕ್ಕೆ ನೇರವಾಗಿ ಕರುಳು ಜೋಡಿಸುವ ಆಪರೇಷನ್. ತೂಕ ಇಳಿಯುತ್ತದೆ, ಆಮೇಲೆ ಮಂಡಿ.

ಬೀದಿಯವರು ಅದಕ್ಕೂ ಮೂಗು ತೂರಿಸಿದರು. ಬಾಯಿ ಕಟ್ಟಿದ್ದರೆ ಸಾಕಿತ್ತು, ಹೊಟ್ಟೆ ಯಾಕೆ ಕೊಯ್ಯಿಸಿಕೊಳ್ಳಬೇಕಿತ್ತು ಎಂದು ಒಬ್ಬಾಕೆ ನನ್ನ ಅಂಗಡಿಯಲ್ಲೇ ನಿಂತು ಹೇಳಿದಳು. ಅವಳ ಜೆರಾಕ್ಸ್ ಪ್ರತಿಗಳನ್ನು ಕೈಗಿತ್ತು, ಮೊದಲು ಹೊರಡು ಎಂದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಇನ್ನು ಮೇಲೆ ನೋವಿನ ಮಾತ್ರೆ ಮುಟ್ಟಬಾರದು, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂದು ಹೇಳಿದರು. ಬೇಕಾದರೆ ಇದು ಎಂದು ಜ್ವರಕ್ಕೆ ಕೊಡುವಂಥ ಸಾದಾ ಮಾತ್ರೆ ಕೊಟ್ಟರು. ಇಬ್ಬರೂ ತಲೆಯಾಡಿಸಿ ಬಂದರು.

ತೂಕ ಕಣ್ಣೆದುರೇ ಇಳಿಯಿತು. ನಾಲ್ಕು ಚಮಚ ಗಂಜಿಗೆ ಹೊಟ್ಟೆ ತುಂಬಿ ಬಿಕ್ಕಳಿಕೆ ಬರುತ್ತಿತ್ತು. ರವಿಕೆಗಳನ್ನು ಚಿಕ್ಕಕ್ಕ ಮತ್ತೆ ಮತ್ತೆ ಒಳಗೆ ಹಿಡಿದು ಹೊಲಿದಳು. ಈಗ ಬೀದಿಯವರ ಹೊಗಳಿಕೆ ಕೇಳಬೇಕು! ನಾವು ಹೇಳಿರಲಿಲ್ಲವೇ, ಈಗ ನೋಡಿ ಹೇಗೆ ಹಗುರಾಗಿದ್ದೀರಿ! ಅವಳು ಹಗುರಾಗಿದ್ದಳು, ನಿಜ. ಮೊದಮೊದಲು ನೋವೂ ಸ್ವಲ್ಪ ತಗ್ಗಿತು. ಆದರೆ ಸವೆದ ಮೂಳೆ ತೂಕ ಇಳಿದ ಮಾತ್ರಕ್ಕೆ ಬೆಳೆದುಕೊಳ್ಳುವುದಿಲ್ಲವಲ್ಲ. ಚಳಿ ಶುರುವಾದದ್ದೇ ತಡ, ನೋವು ತಿರುಗಿ ಬಂತು. ಸಾದಾ ಮಾತ್ರೆಯಿಂದ ನೀರು ಕುಡಿದಷ್ಟೇ ಉಪಯೋಗ. ಮೂಳೆ ಡಾಕ್ಟರು, ಇನ್ನೊಂಚೂರು ಇಳಿಯಲಿ, ಚಳಿ ಕಳೆಯುತ್ತಲೇ ಮಂಡಿ ಆಪರೇಷನ್ ಮಾಡೋಣ ಎಂದರು. ದಪ್ಪಗಿದ್ದಾಗ "ನೋಯುತ್ತೆ" ಎಂದರೆ ಬೀದಿಯವರು ಬೈಯುತ್ತಿದ್ದರು, ಸಣ್ಣಗಾದ ಮೇಲೆ ನಂಬುವುದನ್ನೇ ಬಿಟ್ಟರು. "ಇನ್ನೂ ನೋವಾ?" ಎಂದು ಹುಬ್ಬೇರಿಸುವವರ ಎದುರು ದೊಡ್ಡಕ್ಕ ಹಲ್ಲು ಕಚ್ಚಿಕೊಂಡು ನಿಲ್ಲುವುದನ್ನು ಕಲಿತಳು.

ಮುಂದಿನದು ನನಗೆ ಆಮೇಲೆ ಗೊತ್ತಾದದ್ದು. ಒಂದು ಸಂಜೆ ಚಿಕ್ಕಕ್ಕ ಎಂದಿನಂತೆ ತನ್ನ ಮಾತ್ರೆಯನ್ನು ಮೇಜಿನ ಅಂಚಿನಲ್ಲಿಟ್ಟು ಮುರಿದಳು. ಅಕ್ಕನಿಗೆ ಕೊಡುವುದು ನಿಲ್ಲಿಸಿದ ಮೇಲೂ ಅವಳಿಗೆ ಇಡೀ ಮಾತ್ರೆ ನುಂಗಲು ಮನಸ್ಸು ಬಂದಿರಲಿಲ್ಲ. ಇವತ್ತಿಗೆ ಅರ್ಧ, ನಾಳೆಗೆ ಅರ್ಧ. ನಾಳೆಯ ಅರ್ಧ ಮೇಜಿನ ಮೇಲಿತ್ತು. ದೊಡ್ಡಕ್ಕ ಅದನ್ನೇ ನೋಡುತ್ತಿದ್ದಳು.

"ನನ್ನ ಅರ್ಧ ನನಗೆ ಕೊಡೇ," ಎಂದಳು.

"ಬೇಡ ಅಂದಿದಾರಲ್ಲಕ್ಕ ಡಾಕ್ಟರಮ್ಮ."

"ಮಾತ್ರೆ ಬೇಡ ಅಂದ್ರು. ಇದೆಲ್ಲಿ ಮಾತ್ರೆ? ಅರ್ಧ ತಾನೆ."

ನೀವು ನಾನು ಇದನ್ನು ಕೇಳಿದರೆ ನಗುತ್ತೇವೆ, ಇಲ್ಲವೇ ಬೈಯುತ್ತೇವೆ. ಆ ಇಬ್ಬರಿಗೆ ಅದು ಸಹಜವಾದ ಮಾತು. ಅವರ ಮನೆಯಲ್ಲಿ ಅರ್ಧ ಯಾವತ್ತೂ ಲೆಕ್ಕಕ್ಕೆ ಬಂದದ್ದಿಲ್ಲ. ಅರ್ಧ ಬಾಳೆಹಣ್ಣು ತಿಂದವಳು ಏನೂ ತಿಂದಿಲ್ಲವೆಂದೇ ಹೇಳುತ್ತಿದ್ದಳು. ಚಿಕ್ಕಕ್ಕ ಅಕ್ಕನ ಮುಖ ನೋಡಿದಳು, ಅರ್ಧ ಕೊಟ್ಟಳು. ಮಾರನೆಯ ಸಂಜೆಯೂ ಕೊಟ್ಟಳು. ಹಳೆಯ ರೂಢಿ ಎರಡೇ ದಿನದಲ್ಲಿ ಮನೆಗೆ ವಾಪಸು ಬಂತು. ಹಗುರಾದ ಮೈಗೆ ಈಗ ಆ ಅರ್ಧವೇ ಸಾಕಾಯಿತು.

ಕೆಲವು ವಾರ ಕಳೆದಿರಬೇಕು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದೆ. ಮೇಲಿನಿಂದ ಯಾರೋ "ಏಯ್ ಜೆರಾಕ್ಸಮ್ಮ!" ಎಂದು ಕೂಗಿದರು. ತಲೆಯೆತ್ತಿ ನೋಡಿದರೆ ಕಿಟಕಿಯಲ್ಲಿ ದೊಡ್ಡಕ್ಕ! ಸರಳುಗಳ ನಡುವೆ ಮುಖವಿಟ್ಟುಕೊಂಡು ನಗುತ್ತಿದ್ದಾಳೆ. ಹಿಂದೆ ಚಿಕ್ಕಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

"ಹೇಗೆ ಹತ್ತಿದ್ಯೇ?" ಎಂದು ಕೂಗಿದೆ.

"ಕಾಲಲ್ಲೇ ಕಣೇ! ಇನ್ನೇನು, ರೆಕ್ಕೆ ಬಂದಿದ್ಯಾ?" ಎಂದಳು. "ನಿನ್ನ ಅಂಗಡಿ ತಗಡಿನ ಮೇಲೆ ಎಷ್ಟು ಕಸ ಇದೆ ಗೊತ್ತಾ? ಗುಡಿಸೇ ಸೋಮಾರಿ!"

ನನಗೆ ಅಳು ಬಂತು. ತಗಡು ಗುಡಿಸಲು ಏಣಿ ತಂದೆ. ಆವತ್ತು ಬೀದಿಯಲ್ಲಿ ಯಾರು ಏನು ಕೇಳಿದರೂ ಸಿಟ್ಟು ಬರಲಿಲ್ಲ.

ಆಮೇಲೆ ಅವಳಿಗೆ ಹೊಟ್ಟೆಯ ಮೇಲ್ಗಡೆ ಉರಿ ಶುರುವಾಯಿತು. ಗಂಜಿಯೂ ಸೇರದು. ಆಸ್ಪತ್ರೆಗೆ ಹೋದರು, ಜೊತೆಗೆ ನಾನೂ ಹೋದೆ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಮೊದಲು ಕೇಳಿದ್ದೇ ಅದು.

"ನೋವಿನ ಮಾತ್ರೆ ಏನಾದ್ರೂ ತಗೊಂಡ್ರಾ?"

"ಇಲ್ಲ ಡಾಕ್ಟ್ರೇ," ಎಂದಳು ದೊಡ್ಡಕ್ಕ. "ಒಂದೂ ತಗೊಂಡಿಲ್ಲ."

ಅವಳು ಸುಳ್ಳು ಹೇಳುವ ಹೆಂಗಸಲ್ಲ. ಅವಳ ಮಟ್ಟಿಗೆ ಅದು ನಿಜ. ತಂಗಿಯೂ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಉರಿಗೆ ಔಷಧಿ ಬರೆದು, ಕಡಿಮೆಯಾಗದಿದ್ದರೆ ಹೊಟ್ಟೆಗೆ ಕೊಳವೆ ಹಾಕಿ ನೋಡೋಣ, ತಕ್ಷಣ ಬನ್ನಿ ಎಂದರು. ಔಷಧಿ ತೆಗೆದುಕೊಂಡಳು. ಸಂಜೆಯ ಅರ್ಧವನ್ನೂ ತೆಗೆದುಕೊಂಡಳು.

ಮುಂದಿನ ವಾರವೇ, ಬೆಡ್‌ಶೀಟಿನ ಎರಡು ಮೂಲೆ ಕೈಯಲ್ಲಿ ಹಿಡಿದುಕೊಂಡೇ ಕುಸಿದಳು. ಬಾಯಿಂದ ರಕ್ತ ಬಂತು. ಚಿಕ್ಕಕ್ಕನ ಕೂಗಿಗೆ ನಾನು ಓಡಿ ಹೋದಾಗ ಇಸ್ತ್ರಿ ಪೆಟ್ಟಿಗೆ ಮೇಜಿನ ಬಟ್ಟೆಯನ್ನು ಸುಡುತ್ತಿತ್ತು. ಅದನ್ನು ಎತ್ತಿಟ್ಟು, ಆಟೋ ಕರೆದು, ಇಬ್ಬರನ್ನೂ ಹತ್ತಿಸಿದೆ. ದಾರಿಯುದ್ದಕ್ಕೂ ದೊಡ್ಡಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಎಷ್ಟು ಹಗುರವಾಗಿತ್ತೆಂದರೆ ನನಗೆ ಹೆದರಿಕೆಯಾಯಿತು.

ಬಾಯಿಯ ಮೂಲಕ ಕೊಳವೆ ಇಳಿಸಿ, ರಕ್ತ ಒಸರುತ್ತಿದ್ದ ಹುಣ್ಣನ್ನು ಮುಚ್ಚಿದರು. ಬಾಟಲಿಗಟ್ಟಲೆ ರಕ್ತ ಕೊಟ್ಟರು. ಜೀವ ಉಳಿಯಿತು. ಡಾಕ್ಟರಮ್ಮ ಹೊರಗೆ ಬಂದು ನಮ್ಮನ್ನು ಕರೆದು, ಇಂಥ ಹುಣ್ಣು ಸುಮ್ಮನೆ ಆಗುವಂಥದ್ದಲ್ಲ ಎಂದು ಮತ್ತೆ ಕೇಳಿದರು. ಚಿಕ್ಕಕ್ಕನ ಮುಖ ಬಿಳಿಚಿಕೊಂಡಿತ್ತು.

"ಮಾತ್ರೆ ಕೊಟ್ಟಿಲ್ಲ ಡಾಕ್ಟ್ರೇ. ಸಂಜೆ ಒಂದು ಅರ್ಧ ಅಷ್ಟೇ."

"ದಿನಾ?"

"ದಿನಾ. ಅರ್ಧಾನೇ."

ಡಾಕ್ಟರಮ್ಮ ಬೈಯಲಿಲ್ಲ. ಗೋಡೆಗೆ ಒರಗಿ, "ದಿನಾ ಅರ್ಧ ಅಂದ್ರೆ ತಿಂಗಳಿಗೆ ಹದಿನೈದು ಮಾತ್ರೆ ಆಯ್ತಮ್ಮ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆ ಲೆಕ್ಕದಲ್ಲೇ ಚಿಕ್ಕಕ್ಕನಿಗೆ ಎಲ್ಲ ಅರ್ಥವಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಪಕ್ಕದಲ್ಲಿ ಕೂತೆ.

ವಾರ್ಡಿಗೆ ಬಂದ ಮೇಲೆ ಮೂಳೆ ಡಾಕ್ಟರೂ ಬಂದು ನೋಡಿದರು. ಮಂಡಿ ಆಪರೇಷನ್ ಆದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡಲೇಬೇಕಂತೆ, ಈ ಹುಣ್ಣಿಟ್ಟುಕೊಂಡು ಕೊಟ್ಟರೆ ಜೀವಕ್ಕೇ ಅಪಾಯವಂತೆ. "ಸದ್ಯಕ್ಕೆ ಬೇಡ" ಎಂದರು. ಡಾಕ್ಟರುಗಳ ಸದ್ಯಕ್ಕೆ ಕೊನೆ ಎಲ್ಲಿದೆ ಎಂದು ದೊಡ್ಡಕ್ಕ ಕೇಳಲಿಲ್ಲ. ಅವರು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಚಿಕ್ಕಕ್ಕ ಅವಳ ಕಾಲ ಬಳಿ ನಿಂತುಕೊಂಡು, "ನಾನೇ ಅಕ್ಕ. ನಾನೇ ನಿನ್ನ ಕೊಲ್ತಿದ್ದೆ. ಬಯ್ಯಿ. ಒಂದು ಸಲ ಹೊಡಿ" ಎಂದಳು.

ದೊಡ್ಡಕ್ಕ ತಿರುಗಿ ಅವಳ ಕೈ ಎಳೆದುಕೊಂಡಳು. "ಹುಚ್ಚಿ. ಕೇಳಿದ್ದು ನಾನು. ನೀನು ಕೊಟ್ಟಿದ್ರಿಂದ ತಾನೆ ಮೇಲೆ ಹತ್ತಿದ್ದು? ಆ ನಾಲ್ಕು ದಿನ ನನ್ನ ಮನೇಲಿ ನಾನಿದ್ದೆ." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. "ಈಗ ಕೇಳಿಸ್ಕೋ. ಇನ್ನು ಮೇಲೆ ಕೊಡ್ಬೇಡ. ನಾನು ಕೇಳ್ತೀನಿ. ನೋವು ಬಂದಾಗ ನಾನು ಇದೇ ಮನುಷ್ಯಳಾಗಿರಲ್ಲ. ಅಳ್ತೀನಿ, ಬೈತೀನಿ, ನೀನು ನನ್ನ ತಂಗೀನೇ ಅಲ್ಲ ಅಂತೀನಿ. ಆಗ್ಲೂ ಕೊಡ್ಬೇಡ."

"ನನ್ನ ಕೈಲಾಗಲ್ಲಕ್ಕ."

"ಆಗ್ಬೇಕು ಕಣೇ. ಇನ್ಯಾರಿದಾರೆ ನನಗೆ?"

ಈಗ ದೊಡ್ಡಕ್ಕ ಮತ್ತೆ ಕೆಳಗಿನ ಮಡಚುವ ಮಂಚದ ಮೇಲಿದ್ದಾಳೆ. ಆ ಮಂಚದಲ್ಲಿ ಈಗ ಅವಳಂಥ ಇಬ್ಬರು ಮಲಗಬಹುದು. ಬೀದಿಯವರು ಬಂದು, ಪರವಾಗಿಲ್ಲ, ಒಳ್ಳೇ ಸಣ್ಣಗಾಗಿದ್ದೀರಿ ಎಂದು ಹೇಳಿ ಹೋಗುತ್ತಾರೆ. ಮಡಿಸುವ ಕೆಲಸಕ್ಕೆ ಪಕ್ಕದ ಬೀದಿಯಿಂದ ಒಬ್ಬ ಹೆಂಗಸು ಬರುತ್ತಾಳೆ. ಚಿಕ್ಕಕ್ಕ ತನ್ನ ಬೆರಳಿನ ನೋವಿಗೂ ಮಾತ್ರೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದಾಳೆ. ಮನೆಯಲ್ಲಿ ಒಂದು ಚೂರೂ ಇರಬಾರದು ಎನ್ನುತ್ತಾಳೆ. ನೀನಾದರೂ ನನ್ನ ಅಂಗಡಿಗೆ ಬಂದು ನುಂಗಿ ಹೋಗು ಎಂದು ನಾನು ಬೈದಿದ್ದೇನೆ, ಕೇಳುವುದಿಲ್ಲ.

ಹೊತ್ತು ಇಳಿದು ತಂಪು ಏರಿದಂತೆ ಅವರ ಅಂಗಡಿಯಿಂದ ದೊಡ್ಡಕ್ಕನ ದನಿ ಶುರುವಾಗುತ್ತದೆ. ಮೊದಲು ಮೆಲ್ಲಗೆ, ಮುದ್ದು ಮಾಡುವಂತೆ. ಆಮೇಲೆ ಜೋರಾಗಿ. ಅವಳು ತಂಗಿಗೆ ಅನ್ನುವ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಚಿಕ್ಕಕ್ಕ ಬೀದಿ ದಾಟಿ ಬಂದು ನನ್ನ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗೆ ಬಾ ಎಂದರೆ ಬರುವುದಿಲ್ಲ, ಕೂರು ಎಂದರೆ ಕೂರುವುದಿಲ್ಲ. ನಾನು ಮೆಷಿನ್ ಹಾಕಿ ಖಾಲಿ ಹಾಳೆಗಳನ್ನು ಓಡಿಸುತ್ತೇನೆ. ಅದರ ಸದ್ದಿಗೆ ಎದುರಿನ ಮಾತು ಪೂರ್ತಿ ಕೇಳಿಸುವುದಿಲ್ಲ.

ನಿನ್ನೆ ಅವಳು ಇದ್ದಕ್ಕಿದ್ದಂತೆ, "ಮೆಷಿನ್ ನಿಲ್ಸಿ," ಎಂದಳು.

"ಯಾಕೆ?"

"ನಾನು ಕೇಳಿಸ್ಕೋಬೇಕು. ಅಲ್ಲಿ ಅಷ್ಟು ನೋವಲ್ಲಿ ಅವಳೊಬ್ಬಳೇ ಕೂಗ್ತಾ ಇದಾಳೆ."

ನಿಲ್ಲಿಸಿದೆ. ಇಬ್ಬರೂ ನಿಂತು ಕೇಳಿಸಿಕೊಂಡೆವು.